ಜೇಬಿಗೆ ಬಾರದ ಚಾಕು

ಕಳೆದ ತಿಂಗಳ ಕೂಟದಲ್ಲಿ, ಪ್ರಬಂಧ ವಾಚನ ಮುಗಿದು ಚಹಾ ಬರುವ ಹೊತ್ತಿಗೆ, ನಾವು ಬಾಯಿತಪ್ಪಿ ಒಂದು ಮಾತನ್ನು ಆಡಿಬಿಟ್ಟೆವು. ಅಮೆರಿಕದಲ್ಲಿರುವ ಅಕ್ಕನ ಮಗ ಮಾರ್ಚಿಯಲ್ಲಿ ಊರಿಗೆ ಹೋಗುವ ದಾರಿಯಲ್ಲಿ ದೆಹಲಿಗೆ ಬರುತ್ತಾನೆ. ಅವನ ಕೈಯಲ್ಲಿ ಒಂದು ಮಡಿಚುವ ಚಾಕು ತರಿಸಬೇಕೆಂದಿದ್ದೇವೆ. ಎರಡು ಚಾಕುಗಳ ನಡುವೆ ಯಾವುದೆಂಬುದು ಇನ್ನೂ ಇತ್ಯರ್ಥವಾಗಿಲ್ಲ ಎಂದೆವು. ಬೆಲೆ ಕೇಳಿದರು. ಹೇಳಿದೆವು. ಅಲ್ಲಿಂದ ಮುಂದೆ ನಡೆದದ್ದು ಸಾಹಿತ್ಯಕೂಟವಲ್ಲ, ವಿಚಾರಣೆ. ನಾವು ಗೌರವಿಸುವ ಹಿರಿಯರೊಬ್ಬರು ಬಿಸ್ಕತ್ತನ್ನು ತಟ್ಟೆಯಲ್ಲೇ ಬಿಟ್ಟು, "ಸೇಬು ಹೆಚ್ಚೋದಕ್ಕೆ ಹದಿನೆಂಟು ಸಾವಿರವೇ? ಅಷ್ಟು ದುಡ್ಡಿಗೆ ಎಷ್ಟು ಪುಸ್ತಕ ಬರ್ತವೆ ಗೊತ್ತೇನು?" ಎಂದರು. ಗುರುಗ್ರಾಮದಲ್ಲಿ ಕೆಲಸ ಮಾಡುವ ಕಿರಿಯ ಮಿತ್ರರೊಬ್ಬರು ಅದಕ್ಕೆ ವ್ಯತಿರಿಕ್ತವಾಗಿ ಮಹೋತ್ಸಾಹಗೊಂಡು, ಅಂದೇ ರಾತ್ರಿ ಎರಡೂ ಚಾಕುಗಳ ಗುಣಲಕ್ಷಣಗಳನ್ನು ಎದುರುಬದುರು ನಿಲ್ಲಿಸಿದ ಒಂದು ಕೋಷ್ಟಕವನ್ನು ನಮ್ಮ ಮೊಬೈಲಿಗೆ ಕಳಿಸಿದರು. ಹಿರಿಯರಿಗೂ ಕಿರಿಯರಿಗೂ ಅಂದು ನಾವು ಉತ್ತರ ಕೊಡಲಿಲ್ಲ. ಈ ಬರಹವೇ ಆ ಉತ್ತರ. ಇಬ್ಬರ ಮಾತೂ ತಪ್ಪೆಂಬುದು ನಮ್ಮ ವಾದ. ಆದರೆ ಹಿರಿಯರ ತಪ್ಪು ಹೆಚ್ಚು ಹಳೆಯದು, ಆದ್ದರಿಂದ ಮೊದಲು ಅದು.

ಹಣದ ಲೆಕ್ಕವನ್ನು ಮುಚ್ಚಿಡುವುದಿಲ್ಲ. ನಾವು ಕೇಂದ್ರ ಸರ್ಕಾರದ ಗೆಜೆಟೆಡ್ ಅಲ್ಲದ ನೌಕರರು. ದಸರಾ ದೀಪಾವಳಿಯ ಹೊತ್ತಿಗೆ ನಮಗೆ ಮೂವತ್ತು ದಿನದ ಬೋನಸ್ಸು ಸಿಗುತ್ತದೆ. ಮೂವತ್ತು ದಿನದ್ದೆಂದರೆ ತಿಂಗಳ ಸಂಬಳವೆಂದು ಯಾರೂ ಭ್ರಮಿಸಬಾರದು. ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ 7,000 ರೂಪಾಯಿ, ಅದನ್ನು 30.4ರಿಂದ ಭಾಗಿಸಿ ಮೂವತ್ತರಿಂದ ಗುಣಿಸಿದರೆ ಕೈಗೆ ಬರುವುದು 6,908. ಈ 6,908ನ್ನು ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಮುಟ್ಟಿಲ್ಲ. ಮಗಳ ಕೋಚಿಂಗ್ ಫೀಸು, ಊರಿನ ಮನೆಯ ಹೆಂಚು, ಅತ್ತೆಯವರ ಕಣ್ಣಿನ ಆಪರೇಷನ್ನು ಎಲ್ಲವೂ ಸಂಬಳದಿಂದಲೇ, ಸಾಲದಿಂದಲೇ ನಡೆದವು. ಮೂರು ವರ್ಷದ ಬೋನಸ್ಸು ಸೇರಿ 20,724 ರೂಪಾಯಿ. ಇದು ನಮ್ಮ ಚಾಕುವಿನ ಖಜಾನೆ. ಎರಡೂ ಚಾಕುಗಳು ಅಮೆರಿಕದಲ್ಲಿ ಇನ್ನೂರು ಡಾಲರಿನ ಆಸುಪಾಸಿನವು, ಅಂದರೆ ಹದಿನೇಳು-ಹದಿನೆಂಟು ಸಾವಿರ. ಎರಡನ್ನೂ ಕೊಳ್ಳುವಂತಿಲ್ಲ. ಒಂದನ್ನು ಕೊಂಡು, ಹಿಡಿಸದಿದ್ದರೆ ಮಾರಿ, ಇನ್ನೊಂದನ್ನು ಕೊಳ್ಳುತ್ತೇವೆಂಬ ಉಳ್ಳವರ ಆಟವೂ ನಮ್ಮದಲ್ಲ. ಇನ್ನು ಮೂರು ವರ್ಷ ಕಾಯಬೇಕಾದವನ ಆಯ್ಕೆ ಇದು.

ಹಿರಿಯರ ವಾದವೇನು? ಅಗತ್ಯವಿಲ್ಲದ್ದನ್ನು ಕೊಳ್ಳುವುದು ವಿಲಾಸ, ವಿಲಾಸ ನಮ್ಮಂಥವರಿಗೆ ಸಲ್ಲದು. ಮಾತು ಸಾತ್ವಿಕವಾಗಿ ಕೇಳುತ್ತದೆ. ಆದರೆ ಅದೇ ಕೂಟದಲ್ಲಿ ಎರಡು ವರ್ಷಕ್ಕೊಮ್ಮೆ ಫೋನು ಬದಲಿಸುವವರಿದ್ದಾರೆ, ಆ ಫೋನಿನ ಬೆಲೆಯಲ್ಲಿ ಇಂಥ ಚಾಕು ಮೂರೋ ನಾಲ್ಕೋ ಬರುತ್ತವೆ. ಅವರನ್ನು ಯಾರೂ "ಯಾಕೆ" ಎಂದು ಕೇಳಿದ್ದಿಲ್ಲ. ಮದುವೆಯ ಸಭಾಂಗಣಕ್ಕೆ ಕೊಟ್ಟ ಮುಂಗಡ, ಮೈಮೇಲಿನ ಚಿನ್ನ, ಗೋಡೆಯನ್ನು ತುಂಬುವ ಟಿವಿ ಇವೆಲ್ಲ ಅಗತ್ಯದ ಪರೀಕ್ಷೆಯಿಂದ ವಿನಾಯಿತಿ ಪಡೆದವು. ಎಲ್ಲರೂ ಕೊಳ್ಳುವುದನ್ನು ಕೊಂಡರೆ ಅದು ಸಂಸಾರ, ಒಬ್ಬನೇ ಕೊಂಡರೆ ವಿಲಾಸ ಎಂದಾಯಿತು. ಇನ್ನೂ ಒಂದು ಸೂಕ್ಷ್ಮವಿದೆ. ದೊಡ್ಡ ಸಂಬಳದವನು ಇದೇ ಚಾಕುವನ್ನು ಕೊಂಡಿದ್ದರೆ ಅವನನ್ನು ರಸಿಕ ಎನ್ನುತ್ತಿದ್ದರು. ಸಣ್ಣ ಸಂಬಳದವನ ಆಸೆಗೆ ಮಾತ್ರ ರಸೀದಿ ಕೇಳುವುದು ನಮ್ಮಲ್ಲಿ ರೂಢಿ. ಪುಸ್ತಕದ ಹೋಲಿಕೆಗೂ ಇಲ್ಲೇ ಹೇಳಿಬಿಡುತ್ತೇವೆ: ಇಂಗ್ಲಿಷ್ ಎಂ.ಎ. ಮಾಡಿದ ಕಾಲದಿಂದ ನಾವು ಕೊಂಡು ಓದದೆ ಇಟ್ಟಿರುವ ಪುಸ್ತಕಗಳ ಒಟ್ಟು ಬೆಲೆ ಈ ಚಾಕುವಿಗಿಂತ ಬಹಳ ಹೆಚ್ಚು. ಅವುಗಳನ್ನು ನೋಡಿದ ಯಾರೂ ನಮ್ಮನ್ನು ವಿಲಾಸಿ ಎಂದದ್ದಿಲ್ಲ.

ಚಾಕು ನಮಗೆ ಹೊಸ ಹುಚ್ಚೂ ಅಲ್ಲ. ನಮ್ಮ ತಂದೆಯವರದು ಮಲೆನಾಡಿನ ಅಡಿಕೆ ತೋಟ, ಒಂದೂವರೆ ಎಕರೆ. ಅವರ ಸೊಂಟದ ಹಿಂದೆ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಬೆಳಿಗ್ಗೆ ಮುಖ ತೊಳೆದ ಮೇಲೆ ಕಟ್ಟಿದರೆ ರಾತ್ರಿ ಊಟಕ್ಕೆ ಕೂರುವಾಗ ಬಿಚ್ಚುವುದು. ಲಾರಿಯ ಹಳೆಯ ಪ್ಲೇಟಿನ ತುಂಡನ್ನು ಕುಲುಮೆಗೆ ಕೊಟ್ಟು ಮಾಡಿಸಿದ್ದು. ಆಚಾರಿಗೆ ಕೂಲಿ ಕೊಡುವಾಗ ಅವರು ಚೌಕಾಸಿ ಮಾಡಿದ್ದನ್ನು ನಾವು ಕಂಡಿಲ್ಲ. ಅಂಗಿಯ ಬಟ್ಟೆಗೆ, ಉಪ್ಪಿಗೆ, ನಮ್ಮ ಶಾಲೆಯ ಚೀಲಕ್ಕೆ ಅವರು ಮಾಡುತ್ತಿದ್ದ ಚೌಕಾಸಿ ಊರಿಗೇ ಗೊತ್ತಿತ್ತು. ಕೈಗೆ ಹತ್ತುವ ವಸ್ತುವಿಗೆ ಮಾತ್ರ ಒಳ್ಳೆಯದನ್ನು ಬೇಡುವ ಹಕ್ಕು ಬಡವನಿಗೂ ಇದೆಯೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಹಾಗೆ ಬದುಕಿದರು. ನಮಗೆ ತೋಟವಿಲ್ಲ, ನಿಜ. ಪುಸ್ತಕದ ಪಾರ್ಸೆಲ್ಲು, ಬಾಲ್ಕನಿಯ ಹತ್ತು ಕುಂಡ, ರೈಲು ಪ್ರಯಾಣದ ಹಣ್ಣು, ಮನೆಯ ನೂರೆಂಟು ಹಗ್ಗ-ರಟ್ಟು ಇವಿಷ್ಟೇ ನಮ್ಮ ಚಾಕುವಿನ ರಾಜ್ಯ. ಚಿಕ್ಕ ರಾಜ್ಯವೇ. ಅದನ್ನು ಅಗತ್ಯವೆಂದು ಉಬ್ಬಿಸಿ ಹೇಳಲು ನಾವು ತಯಾರಿಲ್ಲ. ಬೇಕೆನಿಸಿತು, ಕೂಡಿಟ್ಟೆವು, ಯಾರ ಅನ್ನವನ್ನೂ ಕಸಿದಿಲ್ಲ. ಹಿರಿಯರಿಗೆ ನಮ್ಮ ಉತ್ತರ ಇಷ್ಟೇ.

ಕಿರಿಯ ಮಿತ್ರರ ಕೋಷ್ಟಕ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ನಮ್ಮ ಪಕ್ಷದಲ್ಲಿ ನಿಂತಂತೆ ಕಾಣುತ್ತದೆ.

ಎರಡು ಚಾಕುಗಳನ್ನು ಪರಿಚಯಿಸಬೇಕು. ಒಂದು, ಕೊಲರಾಡೋದ ಗೋಲ್ಡನ್ ಎಂಬ ಊರಿನ ಸ್ಪೈಡರ್ಕೊ ಕಂಪನಿಯ ಪ್ಯಾರಾ ಮಿಲಿಟರಿ 2. 2010ರಲ್ಲಿ ಬಂದದ್ದು. ಅಲಗು ಸುಮಾರು ಎಂಟೂಮುಕ್ಕಾಲು ಸೆಂಟಿಮೀಟರು, ತೂಕ ನೂರು ಗ್ರಾಮಿಗೆ ತುಸು ಮೇಲೆ. ಅಲಗಿನಲ್ಲಿ ಒಂದು ದುಂಡನೆಯ ತೂತು. ಅದಕ್ಕೆ ಹೆಬ್ಬೆರಳು ಕೊಟ್ಟು ಒಂದೇ ಕೈಯಲ್ಲಿ ಬಿಡಿಸಬಹುದು. ಈ ತೂತು 1981ರಿಂದ ಆ ಕಂಪನಿಯ ಹಣೆಬೊಟ್ಟು. ಎರಡನೆಯದು, ಆರೆಗಾನ್ ರಾಜ್ಯದ ಬೆಂಚ್‌ಮೇಡ್ ಕಂಪನಿಯ ಬಗೌಟ್. 2017ರದು. ಅಲಗು ಎಂಟೂಕಾಲು ಸೆಂಟಿಮೀಟರಿನಷ್ಟು, ತೂಕ ಬರೀ ಐವತ್ತೆರಡು ಗ್ರಾಮು. ಮಡಿಚಿ ಜೇಬಿಗೆ ಇಳಿಸಿದರೆ ಇದೆಯೆಂಬುದೇ ಮರೆತುಹೋಗುತ್ತದೆ ಎಂಬುದು ಅದರ ಕೀರ್ತಿ.

ಕೋಷ್ಟಕದ ಮೊದಲ ಸಾಲು ಉಕ್ಕಿನದು. ಬಗೌಟ್‌ನಲ್ಲಿ ಎಸ್30ವಿ ಎಂಬ ಉಕ್ಕು. ಪ್ಯಾರಾ ಮಿಲಿಟರಿಯಲ್ಲಿ ಬಹಳ ವರ್ಷ ಅದೇ ಇತ್ತು, ಈಗ ಅದರ ತಮ್ಮನಂಥ ಎಸ್45ವಿಎನ್. ಕರಗಿದ ಉಕ್ಕನ್ನು ಅನಿಲದ ರಭಸಕ್ಕೆ ಒಡ್ಡಿ ಪುಡಿಮಾಡಿ, ಆ ಪುಡಿಯನ್ನು ಶಾಖ-ಒತ್ತಡದಲ್ಲಿ ಮತ್ತೆ ಗಟ್ಟಿಯಾಗಿಸಿ ಮಾಡುವ ಲೋಹ ಇದು. ಇಂಗಾಲ ನೂರಕ್ಕೆ ಒಂದೂವರೆಗೆ ಹತ್ತಿರ, ಕ್ರೋಮಿಯಂ ಹದಿನಾಲ್ಕು, ವನಾಡಿಯಂ ನಾಲ್ಕು. ಇದನ್ನು ರೂಪಿಸಿದ ಅಮೆರಿಕದ ಕಂಪನಿಯ ಹೆಸರು ಕ್ರೂಸಿಬಲ್, ಅಂದರೆ ಮೂಸೆ. ಈ ಮಾತು ಬಂದೊಡನೆ ನಮ್ಮ ಕೂಟದಲ್ಲಿ ಒಬ್ಬರಲ್ಲ ಒಬ್ಬರು ಮೈಸೂರು ಸೀಮೆಯ ಮೂಸೆಯ ಉಕ್ಕಿನ ಪ್ರತಾಪ ತೆಗೆಯುತ್ತಾರೆಂದು ನಮಗೆ ಗೊತ್ತು. ದಖನ್ನಿನ ಉಕ್ಕು ಪಶ್ಚಿಮ ಏಷ್ಯಾದ ಕತ್ತಿಗಳಿಗೆ ಹೋಗುತ್ತಿತ್ತು. ಇಂಗ್ಲಿಷಿನ 'ವೂಟ್ಸ್' ಎಂಬ ಪದ ನಮ್ಮ 'ಉಕ್ಕು'ವಿನಿಂದಲೇ ಬಂದದ್ದೆಂದು ಹೇಳುವವರಿದ್ದಾರೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಎಲ್ಲವೂ ಸರಿ. ಆ ಕುಲುಮೆಗಳನ್ನು ಉಳಿಸಿಕೊಳ್ಳಲಾಗದವರ ಮೊಮ್ಮಕ್ಕಳು ನಾವು ಎಂಬುದೂ ಸರಿ. ಹೆಮ್ಮೆಪಡಲು ನಮ್ಮ ಬಳಿ ಪದವಿದೆ, ಹಣ್ಣು ಹೆಚ್ಚಲು ಅಲಗಿಲ್ಲ. ಕ್ರೂಸಿಬಲ್ ಕಂಪನಿಯೂ 2024ರ ಡಿಸೆಂಬರಿನಲ್ಲಿ ದಿವಾಳಿಯ ಅರ್ಜಿ ಹಾಕಿತು. ಮೂಸೆಗಳ ಹಣೆಬರಹ ಎಲ್ಲ ಕಡೆ ಒಂದೇ ಎಂದು ಬೇಕಾದವರು ಸಮಾಧಾನ ಮಾಡಿಕೊಳ್ಳಲಿ.

ಹೋಲಿಕೆಯ ಕೋಷ್ಟಕ ಬಚ್ಚಿಡುವ ಸಂಗತಿ ಇದು: ಎರಡು ಅಲಗುಗಳು ಬಹುಪಾಲು ಒಂದೇ. ಗಡಸುತನದಲ್ಲಿ, ಅಂಚು ಉಳಿಯುವ ಕಾಲದಲ್ಲಿ ಇವೆರಡರ ನಡುವಿನ ವ್ಯತ್ಯಾಸ ನಮ್ಮ ಮನೆಯ ಸೋರೆಕಾಯಿಗೆ ತಿಳಿಯುವಂಥದ್ದಲ್ಲ. ಹಾಗಿದ್ದೂ ನಾವು ನಾಲ್ಕು ತಿಂಗಳು ದಿನವೂ ರಾತ್ರಿ ಇವನ್ನು ತೂಗಿದೆವು. ಎರಡರ ನಡುವೆ ತೂಗುವ ಸುಖವೇ ಒಂದು ಬಲೆ. 'ಇದೋ ಅದೋ' ಎಂದು ಕೇಳುತ್ತಿರುವ ತನಕ 'ಇದನ್ನು ಇಟ್ಟುಕೊಳ್ಳುವುದು ಹೇಗೆ' ಎಂಬ ಪ್ರಶ್ನೆ ಹತ್ತಿರ ಸುಳಿಯುವುದಿಲ್ಲ. ಮಾರುವವನಿಗೆ ಬೇಕಾದ್ದೂ ಅದೇ. ಕೊಳ್ಳುವ ದಿನದ ಬೆಲೆಯನ್ನು ಕೋಷ್ಟಕ ಹೇಳುತ್ತದೆ. ಕೊಂಡ ಮೇಲಿನ ಬೆಲೆಗೆ ಅದರಲ್ಲಿ ಅಂಕಣವಿಲ್ಲ. ಕೈ ಬಿಗಿಯಿರುವವನು ಮೊದಲು ನೋಡಬೇಕಾದದ್ದು ಆ ಇಲ್ಲದ ಅಂಕಣವನ್ನು.

ಮಸೆಯುವ ಮಾತನ್ನೇ ತೆಗೆದುಕೊಳ್ಳಿ. ನಮ್ಮ ತಂದೆಯವರು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ಮಸೆಯುತ್ತಿದ್ದರು. ಐದು ನಿಮಿಷದ ಕೆಲಸ, ಖರ್ಚು ಸೊನ್ನೆ. ನಮ್ಮ ಬಡಾವಣೆಗೆ ವಾರಕ್ಕೊಮ್ಮೆ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಒಬ್ಬರು ಬರುತ್ತಾರೆ. ಪೆಡಲು ತುಳಿದರೆ ಕಿಡಿ ಹಾರುತ್ತದೆ. ಅಡುಗೆಮನೆಯ ಚಾಕುಗಳಿಗೆ ಅವರ ಕೈ ದೊಡ್ಡದು. ಈ ಉಕ್ಕನ್ನು ಮಾತ್ರ ಅವರಿಗೆ ಕೊಡುವಂತಿಲ್ಲ. ನೀರಿಲ್ಲದ ಚಕ್ರದ ಕಾವಿಗೆ ತೆಳ್ಳನೆಯ ಅಂಚು ಬಿಸಿಯಾದರೆ ಕಾರ್ಖಾನೆಯಲ್ಲಿ ಕೊಟ್ಟ ಹದ ಅಲ್ಲೇ ಕೆಡುತ್ತದೆ. ಮನೆಯಲ್ಲೇ ಕಲ್ಲಿಗೆ ಉಜ್ಜೋಣವೆಂದರೆ, ಈ ಉಕ್ಕಿನೊಳಗಿನ ವನಾಡಿಯಂ ಕಾರ್ಬೈಡಿನ ಕಣಗಳು ಸಾಮಾನ್ಯ ಸಾಣೆಕಲ್ಲಿನ ಅಲ್ಯುಮಿನಿಯಂ ಆಕ್ಸೈಡಿಗಿಂತ ಗಡಸು. ಕಲ್ಲು ಉಕ್ಕನ್ನು ಮಸೆಯುವ ಬದಲು ಉಕ್ಕೇ ಕಲ್ಲನ್ನು ಮಸೆಯತೊಡಗುತ್ತದೆ ಎಂದರೆ ಹೆಚ್ಚಾಯಿತು, ಆದರೆ ಕೆಲಸ ಸಾಗುವುದಿಲ್ಲ. ಇದಕ್ಕೆ ವಜ್ರದ ಪುಡಿ ಕೂರಿಸಿದ ಫಲಕವೇ ಬೇಕು. ಹದಿನೆಂಟು ಸಾವಿರ ಕೊಟ್ಟವನು ಇನ್ನೆರಡು-ಮೂರು ಸಾವಿರ ತೆಗೆದಿಡದಿದ್ದರೆ, ಒಂದು ವರ್ಷದ ಹೊತ್ತಿಗೆ ಅವನ ಬಳಿ ಇರುವುದು ಲೋಕದ ಅತ್ಯುತ್ತಮ ಮೊಂಡು ಚಾಕು. ಕೋಷ್ಟಕದಲ್ಲಿ ವಜ್ರದ ಫಲಕ ಇರಲಿಲ್ಲ. ಮಿತ್ರರನ್ನು ಕೇಳಿದೆವು, "ನಿಮ್ಮ ಚಾಕುಗಳನ್ನು ನೀವು ಹೇಗೆ ಮಸೀತೀರಿ?" "ಇನ್ನೂ ಮಸೆಯೋ ಪ್ರಸಂಗ ಬಂದಿಲ್ಲ ಸರ್" ಎಂದರು. ಅವರ ಬಳಿ ಏಳು ಚಾಕುಗಳಿವೆ.

ಈ ಉಕ್ಕು ಬೇಡವೆನ್ನುವವರಿಗೆ ಬೇರೆ ದಾರಿಯಿದೆ ಎಂಬುದನ್ನು ಒಪ್ಪುತ್ತೇವೆ. ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್‌ನ ಕೆಂಪು ಚಾಕು, ಫ್ರಾನ್ಸಿನ ಸವೋಯ್ ಪ್ರಾಂತ್ಯದ ಒಪಿನೆಲ್, ಇವು ಮೆದು ಉಕ್ಕಿನವು, ಯಾವ ಕಲ್ಲಿಗಾದರೂ ಒಲಿಯುತ್ತವೆ, ಅಗ್ಗ. ಬುದ್ಧಿವಂತರು ಅದನ್ನೇ ಕೊಳ್ಳುತ್ತಾರೆ. ನಾವು ಎಂಟು ವರ್ಷದಿಂದ ಒಂದು ಕೆಂಪು ಚಾಕುವಿನ ಜೊತೆ ಸಂಸಾರ ಮಾಡಿದ್ದೇವೆ, ಅದರ ಮೇಲೆ ದೂರಿಲ್ಲ. ಆಸೆ ಮಾತ್ರ ಬೇರೆಯದರ ಮೇಲಿದೆ.

ಇನ್ನು ಈ ಬರಹದ ನಿಜವಾದ ಮಾತಿಗೆ ಬರುತ್ತೇವೆ. ಜೇಬುಚಾಕುವಿನ ಜಾಗ ಜೇಬು. ದೆಹಲಿಯಲ್ಲಿ ನಮ್ಮ ಜೇಬು ನಮ್ಮದಲ್ಲ. ಮೆಟ್ರೋ ಹತ್ತುವಾಗ ಚೀಲ ಯಂತ್ರದೊಳಗೆ ಹೋಗುತ್ತದೆ, ಮೈಯನ್ನು ಸವರುತ್ತಾರೆ. ಕಚೇರಿಯ ಬಾಗಿಲಲ್ಲಿ ಇನ್ನೊಮ್ಮೆ. ಅದರಾಚೆಗೆ ಕಾನೂನಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸಾಮಾನ್ಯ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದ, ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳ ಮಾತಾಡುತ್ತವೆ. ಅವಕ್ಕೆ ನಮ್ಮ ಚಾಕುಗಳು ಮರಿಗಳು. ಆದರೆ ದೆಹಲಿಗೆಂದೇ 1980ರ ಒಂದು ಅಧಿಸೂಚನೆಯಿದೆ. ಸ್ಪ್ರಿಂಗಿನ ಚಾಕು, ಗರಾರಿದಾರ್ ಚಾಕು, ಬಟನ್ ಚಾಕು, ಯಾವುದೇ ಯಾಂತ್ರಿಕ ಸಾಧನದಿಂದ ತೆರೆಯುವ-ಮುಚ್ಚುವ ಚಾಕು, ಇವುಗಳ ಅಲಗು ಉದ್ದದಲ್ಲಿ 7.62 ಸೆಂಟಿಮೀಟರು, ಅಗಲದಲ್ಲಿ 1.72 ಸೆಂಟಿಮೀಟರು ಅಥವಾ ಅದಕ್ಕೆ ಮೇಲಿದ್ದರೆ ಅದು ಶಸ್ತ್ರ. ಈ ಅಧಿಸೂಚನೆಯ ಬಲದ ಮೇಲೆ ರಾಜಧಾನಿಯಲ್ಲಿ ದಶಕಗಳಿಂದ ಪ್ರಕರಣಗಳು ದಾಖಲಾಗುತ್ತ ಬಂದಿವೆ. ನಾವು ತೂಗುತ್ತಿರುವ ಎರಡೂ ಅಲಗುಗಳು ಎರಡೂ ಅಳತೆಯನ್ನು ದಾಟಿದವು. ಹೆಬ್ಬೆರಳಿನಿಂದ ತೆರೆದು ಅಗುಳಿ ಬೀಳುವ ಚಾಕು 'ಯಾಂತ್ರಿಕ ಸಾಧನ'ದ್ದೋ ಅಲ್ಲವೋ ಎಂಬ ಸೂಕ್ಷ್ಮ ಚರ್ಚೆಯನ್ನು ವಕೀಲರು ನ್ಯಾಯಾಲಯದಲ್ಲಿ ಮಾಡಬಹುದು. ರಸ್ತೆಯಲ್ಲಿ ಅದನ್ನು ತೀರ್ಮಾನಿಸುವವನು ಕಾನ್‌ಸ್ಟೇಬಲ್ಲು.

2024ರಲ್ಲಿ ಸುಪ್ರೀಂ ಕೋರ್ಟು ಇಂಥ ಒಂದು ಬಟನ್‌ದಾರ್ ಚಾಕುವಿನ ಪ್ರಕರಣವನ್ನು ರದ್ದುಪಡಿಸಿತು. ಅಧಿಸೂಚನೆ ಹೇಳುವುದು ತಯಾರಿಕೆ, ಮಾರಾಟ, ಮಾರಾಟಕ್ಕೆಂದು ಇಟ್ಟುಕೊಳ್ಳುವುದು ಮುಂತಾದವನ್ನು. ಆರೋಪಪಟ್ಟಿಯಲ್ಲಿ ಅಂಥ ಆರೋಪವೇ ಇಲ್ಲ ಎಂಬುದು ಅದಕ್ಕೆ ಕಾರಣ. ಕೂಟದ ವಕೀಲ ಮಿತ್ರರು "ಹಾಗಾದರೆ ನೀವು ನಿಶ್ಚಿಂತೆಯಾಗಿರಿ" ಎಂದರು. ನಮ್ಮ ಚಿಂತೆ ನಮ್ಮದಲ್ಲ. ಒಂದು ಚಾಕುವಿಗಾಗಿ ಒಬ್ಬ ಮನುಷ್ಯ ದೇಶದ ಅತ್ಯುನ್ನತ ನ್ಯಾಯಾಲಯದ ತನಕ ಹೋಗಬೇಕಾಯಿತು ಎಂಬುದು ಯಾರನ್ನೂ ನಿಶ್ಚಿಂತರನ್ನಾಗಿಸುವ ಸುದ್ದಿಯಲ್ಲ.

ಒಂದು ಅನುಭವ ಹೇಳುತ್ತೇವೆ. ಎರಡು ವರ್ಷದ ಹಿಂದೆ, ಒಂದು ತಪಾಸಣೆಯ ಬಾಗಿಲಲ್ಲಿ, ನಮ್ಮ ಕೆಂಪು ಚಾಕು ಚೀಲದಲ್ಲೇ ಉಳಿದುಬಿಟ್ಟಿತ್ತು. ಸಿಬ್ಬಂದಿ ತೆಗೆದು ನೋಡಿದ. ನಮ್ಮ ಇಸ್ತ್ರಿಯ ಅಂಗಿ, ಕೊರಳಿನ ಗುರುತಿನ ಚೀಟಿ, ಕನ್ನಡಕ ನೋಡಿದ. "ಸರ್, ಮುಂದಿನ ಸಲ ತರಬೇಡಿ" ಎಂದು ಹಿಂದಿರುಗಿಸಿದ. ನಮ್ಮ ಹಿಂದೆ ಇದ್ದವನು ಇಪ್ಪತ್ತರ ಆಸುಪಾಸಿನ ಹುಡುಗ, ವೈರಿಂಗ್ ಕೆಲಸದವನು. ಟೇಪು, ಪ್ಲೈಯರು, ತಂತಿ ಸುಲಿಯುವ ಒಂದು ಅಗ್ಗದ ಚಾಕು. ಅವನನ್ನು ಪಕ್ಕಕ್ಕೆ ಕರೆದರು. ನಾವು ಒಂದು ಕ್ಷಣ ನಿಂತೆವು, ಆಮೇಲೆ ರೈಲು ಬಂತು, ಹತ್ತಿದೆವು. ಅವನಿಗೆ ಏನಾಯಿತೆಂದು ತಿಳಿಯದು. ಏನೂ ಆಗಿರಲಿಕ್ಕಿಲ್ಲ ಎಂದು ಅಂದುಕೊಳ್ಳುವುದು ನಮಗೆ ಅನುಕೂಲ. ಚಾಕು ಅವನ ಕಸುಬು, ನಮ್ಮದು ಶೋಕಿ, ಹಿಂದಿರುಗಿಸಿದ್ದು ಶೋಕಿಯನ್ನು.

ಉತ್ತಮ ಚಾಕುಗಳ ಬಗ್ಗೆ ಮಾತಾಡುವ ನಮ್ಮಂಥ ರಸಿಕರು ಈ ಒಂದು ವಿಷಯದಲ್ಲಿ ನಾಚಿಕೆಗೆಟ್ಟವರು. ಎಂಟು ಸೆಂಟಿಮೀಟರು ಚೆನ್ನೋ ಎಂಟೂಮುಕ್ಕಾಲು ಚೆನ್ನೋ ಎಂಬುದು ನಮಗೆ ಅಭಿರುಚಿಯ ಪ್ರಶ್ನೆ. ಅದೇ ಅಳತೆ ಇನ್ನೊಬ್ಬನಿಗೆ ಪಂಚನಾಮೆಯ ಸಾಲು. ಪರಂಪರೆಯ ಬೆಂಬಲವಿರುವ ಅಲಗುಗಳಿಗೆ ಈ ದೇಶದಲ್ಲಿ ಮನ್ನಣೆಯಿದೆ: ಸಿಖ್ಖರ ಕಿರ್ಪಾಣ, ಕೊಡವರ ಪೀಚೆಕತ್ತಿ. ಅದು ನ್ಯಾಯವೇ, ಯಾರೂ ಕರುಬಬೇಕಿಲ್ಲ. ಕೂಲಿಯವನ ಚಾಕುವಿಗೆ ಧರ್ಮವೂ ಇಲ್ಲ, ಕುಲವೂ ಇಲ್ಲ, ಕಂಪನಿಯ ಹೆಸರೂ ಇಲ್ಲ. ದೆಹಲಿಯಿಂದ ರೈಲಿನಲ್ಲಿ ಹೋಗಿ ಬರಬಹುದಾದ ರಾಮ್‌ಪುರದ ಕಥೆ ನೋಡಿ. ಹಿಂದಿ ಸಿನೆಮಾದ ಖಳರೆಲ್ಲ ಬಿಚ್ಚಿ ತೋರಿಸುತ್ತಿದ್ದ ರಾಮ್‌ಪುರಿ ಚಾಕುವಿನ ಊರು ಅದು. ಕಾನೂನು ಬಿಗಿಯಾಗಿ, ಬೇಡಿಕೆ ಇಳಿದು ಕಸುಬುದಾರರು ಬೆರಳೆಣಿಕೆಗೆ ಬಂದರು. 2023ರಲ್ಲಿ ಅದೇ ಊರಿನ ಚೌಕದಲ್ಲಿ ಇಪ್ಪತ್ತು ಅಡಿ ಉದ್ದದ ಒಂದು ಚಾಕುವನ್ನು ಸ್ಮಾರಕವಾಗಿ ನಿಲ್ಲಿಸಿದರು. ಕೈಯಲ್ಲಿ ಹಿಡಿಯುವುದು ಅಪರಾಧ, ಕಂಬದ ಮೇಲೆ ನಿಲ್ಲಿಸಿದರೆ ಹೆಮ್ಮೆ. ಆ ಊರಿನ ಕಮ್ಮಾರನ ಮಡಿಚುಚಾಕುವನ್ನು ಕೊಳ್ಳಲು ಹೆದರುವ ನಾವು ಕೊಲರಾಡೋದ್ದನ್ನು ತರಿಸುತ್ತಿದ್ದೇವೆ. ಈ ಆರೋಪವನ್ನು ಹಿರಿಯರು ಮಾಡಿದ್ದರೆ ನಮಗೆ ಉತ್ತರವಿರುತ್ತಿರಲಿಲ್ಲ. ಅವರು ಸೇಬಿನ ಮಾತಾಡಿದರು.

ಹೀಗೆ ಕಾನೂನಿನ ಅಂಕಣವನ್ನು ಕೋಷ್ಟಕಕ್ಕೆ ಸೇರಿಸಿದ ಮೇಲೆ ಆಯ್ಕೆ ತಾನಾಗಿ ಬಗೆಹರಿಯಿತು. ಬಗೌಟ್‌ನ ಇಡೀ ಮಹಿಮೆ ಅದರ ಹಗುರತನ. ಜೇಬಿಗೆ ಭಾರವಾಗದಿರುವುದಕ್ಕಾಗಿಯೇ ಅದರ ಬೆಲೆ. ಜೇಬಿಗೇ ಬಾರದ ಚಾಕುವಿನ ಹಗುರತನವನ್ನು ಕಟ್ಟಿಕೊಂಡು ನಾವೇನು ಮಾಡುವುದು? ಮನೆಯ ಮೇಜಿನ ಮೇಲೆ ಇರುವ ಚಾಕುವಿಗೆ ತುಂಬಿದ ಹಿಡಿ ಬೇಕು, ಕೈಗೆ ತೂಕ ಸಿಗಬೇಕು. ಅಲ್ಲಿಗೆ ಪ್ಯಾರಾ ಮಿಲಿಟರಿ ಗೆದ್ದಿತು. ಅಗುಳಿಯೂ ಅದರ ಪರವಾಗಿಯೇ ಸಾಕ್ಷಿ ಹೇಳಿತು. ಬಗೌಟ್‌ನ ಅಗುಳಿಯ ಸರಳನ್ನು ಹಿಡಿದಿಡುವುದು ಕೂದಲೆಳೆಯಂಥ ಎರಡು ಸ್ಪ್ರಿಂಗುಗಳು. ಅವು ಮುರಿದರೆ ಕಂಪನಿ ಬದಲಿಸಿಕೊಡುತ್ತದೆ, ಆರೆಗಾನ್‌ನಲ್ಲಿ. ಇಲ್ಲಿಂದ ಕಳಿಸಿ, ಅಲ್ಲಿಂದ ತರಿಸಿ, ಸುಂಕದವರಿಗೆ ಉತ್ತರ ಹೇಳುವಷ್ಟರಲ್ಲಿ ಇನ್ನೊಂದು ಬೋನಸ್ಸು ಮುಗಿದಿರುತ್ತದೆ. ಪ್ಯಾರಾ ಮಿಲಿಟರಿಯದು ಹಿಡಿಯ ಬೆನ್ನಿನ ಕಡೆ ಬಂದು ಕೂರುವ ಉಕ್ಕಿನ ಪಟ್ಟಿ. ಮುರಿಯುವ ಎಳೆ ಅದರಲ್ಲಿಲ್ಲ. ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಅಡ್ಡ ಬರುವುದೂ ಇಲ್ಲ. ಮನೆಯಲ್ಲಿ ಹದಿನೈದರ ಮಗಳು ಅದನ್ನು ಮುಟ್ಟದೆ ಬಿಡುವವಳಲ್ಲ.

ಮನೆಯಾಕೆಗೆ ಈ ತೀರ್ಪನ್ನು ಓದಿ ಹೇಳಿದೆವು. ಅವಳು ಈಳಿಗೆಮಣೆಯ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ತಲೆಯೆತ್ತದೆ, "ಜೇಬಿನ ಚಾಕು ಅಂತ ಮೂರು ವರ್ಷದಿಂದ ದುಡ್ಡು ಕೂಡಿಟ್ರಿ. ಈಗ ಮನೆಯಲ್ಲೇ ಇರುತ್ತೆ ಅಂತೀರಿ. ಮನೆಯಲ್ಲಿ ಇದು ಇದೆಯಲ್ಲ" ಎಂದು ಈಳಿಗೆಯ ಕಡೆ ಕೈತೋರಿಸಿದಳು. ಕೂಟದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವು ಬಹಳ ಹೊತ್ತು ಯೋಚಿಸಿ, "ಊರಿಗೆ ಹೋದಾಗ ತೋಟದಲ್ಲಿ ಜೇಬಿಗೆ ಹಾಕಿಕೊಳ್ತೇವೆ" ಎಂದೆವು. "ವರ್ಷಕ್ಕೆ ಹತ್ತು ದಿನ" ಎಂದಳು. ಹತ್ತು ದಿನವೇ. ಅಪ್ಪನ ಕೊಕ್ಕೆ ಇನ್ನೂ ಬಾಗಿಲ ಹಿಂದೆ ನೇತಾಡುತ್ತಿದೆ, ಅಣ್ಣ ಕಟ್ಟುವುದಿಲ್ಲ.

ಮೊನ್ನೆ ಭಾನುವಾರ ಅಕ್ಕನ ಮಗ ಫೋನು ಮಾಡಿ, "ಮಾವ, ಕೊನೆಗೆ ಯಾವುದು? ಆರ್ಡರ್ ಮಾಡ್ಬೇಕು" ಎಂದ. ಹೇಳಿದೆವು. ಕೈಚೀಲದಲ್ಲಿ ಇಡಬೇಡ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲೇ ಇಡು ಎಂದು ಎರಡು ಸಲ ಹೇಳಿದೆವು. ವಜ್ರದ ಫಲಕಕ್ಕೆ ಇಲ್ಲೇ ಹೇಳಿಟ್ಟಿದ್ದೇವೆ, ಚಾಕುವಿಗಿಂತ ಮುಂಚೆ ಅದು ಮನೆಗೆ ಬರುತ್ತದೆ.